ಲ್ಯಾಪ್‌ಟಾಪ್ ಹೋಯ್ತು, ಟ್ಯಾಬ್ ಬಂತು

ಭಾಗ 1

ಮೊದಲನೇ ಫೋಟೊದಲ್ಲಿರೋ ಲ್ಯಾಪ್‌ಟಾಪ್ ನಂದಲ್ಲ, ಅಕ್ಕಂದು. 2020ರಲ್ಲಿ ಅವಳು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಫಸ್ಟ್ ಇಯರ್ ಓದ್ತಿದ್ದಾಗ ಸರ್ಕಾರದಿಂದ ಫ್ರೀ ಆಗಿ ಸಿಕ್ಕಿದ್ದು. ಆಮೇಲೆ ಕೊರೊನಾ, ಆನ್‌ಲೈನ್ ಕ್ಲಾಸು. ಸರ್ಕಾರ ಲ್ಯಾಪ್‌ಟಾಪ್ ಬಿಟ್ಟು ಟ್ಯಾಬ್ ಕೊಡ್ತು. 2021ರ ಜೂನ್‌ನಲ್ಲಿ ಸರ್ಕಾರಿ ಡಿಗ್ರಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜು ಎಲ್ಲಾ ಸೇರಿ 1.55 ಲಕ್ಷ ಟ್ಯಾಬ್. ಅಕ್ಕ ಆಗ ಜೂನಿಯರ್‌ಗಳನ್ನ ನೆನೆಸ್ಕೊಂಡು "ಪಾಪ ಕಣೇ" ಅಂದಿದ್ಲು. "ಟ್ಯಾಬಲ್ಲಿ ಪಾಠ ನೋಡಬೋದು ಅಷ್ಟೆ, ಕೆಲ್ಸ ಮಾಡಕ್ಕಾಗಲ್ಲ."

ನಾನು ಆ ಮಾತನ್ನ ಮರೆತುಬಿಟ್ಟಿದ್ದೆ.

ಹೋದ ವರ್ಷ ದಸರಾ ರಜೇಲಿ ಆ ಲ್ಯಾಪ್‌ಟಾಪ್ ಪೂರ್ತಿ ಮಲಗ್ತು. ಅದಕ್ಕೂ ಮುಂಚೆ ಒಂದು ವರ್ಷದಿಂದ ಬ್ಯಾಟರಿ ಸತ್ತಿತ್ತು, ಚಾರ್ಜರ್ ಕಿತ್ರೆ ಆಫ್. ಬೆಳ್ಳಾವೀಲಿ ಕರೆಂಟ್ ಹೋದ್ರೆ ನನ್ನ ಅಸೈನ್‌ಮೆಂಟೂ ಹೋಯ್ತು ಅಂತಾನೇ ಲೆಕ್ಕ. ತುಮಕೂರಲ್ಲಿ ರಿಪೇರಿಗೆ ತೋರಿಸಿದ್ರೆ ಮದರ್‌ಬೋರ್ಡು, ಬ್ಯಾಟರಿ ಎರಡೂ ಸೇರಿ 9 ಸಾವಿರ ಅಂದ್ರು. "ಹಳೇದಕ್ಕೆ ಯಾಕೆ ದುಡ್ಡು ಸುರೀಬೇಕು" ಅಂತ ನಾನೇ ಹಟ ಮಾಡಿ 17 ಸಾವಿರದ ಟ್ಯಾಬ್ ತಗೊಂಡೆ, ಮೇಲೆ ಕೀಬೋರ್ಡು 1,500. ಅರ್ಧ ನನ್ನ ಸ್ಕಾಲರ್‌ಶಿಪ್ಪು, ಅರ್ಧ ಅಪ್ಪ ತೆಂಗಿನಕಾಯಿ ಹಾಕಿದ ದುಡ್ಡು.

ಭಾಗ 2

ಡಿಎಂನಲ್ಲಿ ಎಷ್ಟೋ ಜನ ಕೇಳಿದ್ರಿ, ಹೆಂಗೈತೆ ಅಂತ. ಮೊದಲು ಒಳ್ಳೇದು ಹೇಳ್ತೀನಿ, ಯಾಕಂದ್ರೆ ಒಳ್ಳೇದು ನಿಜವಾಗ್ಲೂ ಜಾಸ್ತಿನೇ ಇದೆ.

ಬಸ್ಸಲ್ಲಿ ಸೀಟ್ ಸಿಗದಿದ್ರೂ ಕಂಬಕ್ಕೆ ಒರಗಿ ಓದಬೋದು. ಹಳೇ ಪ್ರಶ್ನೆಪತ್ರಿಕೆ, ನೋಟ್ಸು, ಪಿಡಿಎಫ್ ಎಲ್ಲಾ ಒಂದೇ ಕಡೆ. ಕಾಸ್ಟಿಂಗ್ ಪ್ರಾಬ್ಲಮ್ ಪೆನ್ನಲ್ಲೇ ಗೀಚಿ, ತಪ್ಪಾದ್ರೆ ಒರೆಸಿ ಮತ್ತೆ ಮಾಡಬೋದು. ಕರೆಂಟ್ ಹೋದ್ರೆ ಕ್ಯಾರೇ ಅನ್ನಲ್ಲ, ಪವರ್ ಬ್ಯಾಂಕಲ್ಲೂ ಚಾರ್ಜ್ ಆಗುತ್ತೆ.

ಆದ್ರೆ ನಾನು ಅಂದ್ಕೊಂಡೇ ಇರದ ಒಂದು ವಿಷಯ ಅಮ್ಮ. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ನೋಡ್ಕೋತಾಳೆ. ಐದು ವರ್ಷ ಮನೇಲಿ ಲ್ಯಾಪ್‌ಟಾಪ್ ಇದ್ರೂ ಒಂದಿನಾನೂ ಮುಟ್ಟಿರಲಿಲ್ಲ, "ಏನಾದ್ರೂ ಒತ್ತಿ ಕೆಡಿಸಿಬಿಟ್ರೆ?" ಅಂತ ದೂರಾನೇ ನಿಲ್ತಿದ್ಲು. ಟ್ಯಾಬ್ ಅವಳಿಗೆ ದೊಡ್ಡ ಫೋನ್ ಥರ ಕಾಣ್ತು ಅನ್ಸುತ್ತೆ. ಸಂಘದ ಉಳಿತಾಯ, ಸಾಲ, ಕಂತು ಎಲ್ಲಾ ಗೂಗಲ್ ಶೀಟ್ಸ್‌ನಲ್ಲಿ ಕನ್ನಡದಲ್ಲೇ ಹಾಕಿಕೊಟ್ಟೆ. ಒಂದು ವಾರ ಸುಮ್ನೆ ನೋಡಿದ್ಲು. ಎರಡನೇ ವಾರ ಬೆರಳಲ್ಲಿ ದೊಡ್ಡದು ಮಾಡ್ಕೊಂಡು, "ಇಲ್ನೋಡು, ಈ ವಮ್ಮನ ಕಂತು ಎರಡು ಸಲ ಹಾಕಿದೀಯ" ಅಂದ್ಲು. ನೋಡಿದ್ರೆ ಹೌದು. ಬಿಕಾಂ ಓದ್ತಿರೋಳು ನಾನು, ಏಳನೇ ಕ್ಲಾಸಿಗೆ ಬಿಟ್ಟೋಳು ಅಮ್ಮ. ಡಬಲ್ ಎಂಟ್ರಿ ಅಂದ್ರೆ ಅದಲ್ಲ ಅಂತ ನಂಗೂ ಗೊತ್ತು, ನಗಬೇಡಿ.

ಸಂಘದ ಹಳೇ ಸದಸ್ಯರ ಪಟ್ಟಿ ಮಾತ್ರ ಕೈಕೊಡ್ತು. ಯಾವತ್ತೋ ಡಿಟಿಪಿ ಅಂಗಡೀಲಿ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿಸಿದ ಫೈಲು. ಯೂನಿಕೋಡ್ ಅಲ್ಲ, ಆ ಫಾಂಟ್ ಇದ್ರೆ ಮಾತ್ರ ಕನ್ನಡ ಕಾಣೋದು. ಟ್ಯಾಬಲ್ಲಿ ತೆಗೆದ್ರೆ ಒಂದಕ್ಷರ ಕನ್ನಡ ಇಲ್ಲ, ಬರೀ ಕೊಂಬು ಬಾಲದ ಇಂಗ್ಲಿಷ್ ಗುರುತುಗಳು. ಅಮ್ಮ ಪ್ರಿಂಟ್ ನೋಡಿ ಓದಿದ್ಲು, ನಾನು ಕೂತು ಮತ್ತೆ ಟೈಪ್ ಮಾಡ್ದೆ.

ಭಾಗ 3

ಈಗ ಬೇಜಾರಿನ ವಿಷಯ.

ಜನವರೀಲಿ ಫ್ರೆಂಡ್ ಒಬ್ಳು ತುಮಕೂರಿನ ಒಂದು ಹೋಲ್‌ಸೇಲ್ ಅಂಗಡಿ ನಂಬರ್ ಕೊಟ್ಲು. ದಿನಾ ಸಂಜೆ ಎರಡು ಗಂಟೆ ಟ್ಯಾಲಿ ಎಂಟ್ರಿ, ತಿಂಗಳಿಗೆ 5 ಸಾವಿರ. ಮಾಲೀಕರು ಫೋನಲ್ಲಿ ಚೆನ್ನಾಗೇ ಮಾತಾಡಿದ್ರು. "ಟ್ಯಾಲಿ ಬರುತ್ತೇನಮ್ಮ?" ಬರುತ್ತೆ ಸಾರ್. "ಜಿಎಸ್‌ಟಿ ಬಿಲ್ಲು?" ಬರುತ್ತೆ ಸಾರ್. "ಲ್ಯಾಪ್‌ಟಾಪ್ ಐತಲ್ಲ ಸ್ವಂತದ್ದು?"

ಟ್ಯಾಬ್ ಇದೆ ಸಾರ್ ಅಂದೆ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, "ಲ್ಯಾಪ್‌ಟಾಪ್ ತಗೊಂಡ ಮೇಲೆ ಫೋನ್ ಮಾಡಮ್ಮ" ಅಂದ್ರು. ಬೈದಿದ್ರೂ ಇಷ್ಟು ಬೇಜಾರಾಗ್ತಿರಲಿಲ್ಲ.

ಟ್ಯಾಲಿ ಪ್ರೈಮ್ ವಿಂಡೋಸ್‌ಗೆ ಅಂತ ಮಾಡಿದ ಸಾಫ್ಟ್‌ವೇರು. ನನ್ನ ಆಂಡ್ರಾಯ್ಡ್ ಟ್ಯಾಬಿಗೆ ಇನ್‌ಸ್ಟಾಲ್ ಆಗಲ್ಲ. ಇದು ನಂಗೆ ಮೊದಲೇ ಗೊತ್ತಿತ್ತಾ? ಗೊತ್ತಿತ್ತು. ಕಾಲೇಜ್ ಲ್ಯಾಬಲ್ಲಿ ಮಾಡ್ಕೊಂಡ್ರಾಯ್ತು ಅಂದ್ಕೊಂಡಿದ್ದೆ. ಲ್ಯಾಬಲ್ಲಿ ಎಜುಕೇಶನ್ ಮೋಡು, ನಿಮಗೇ ಗೊತ್ತಲ್ಲ, ಅಲ್ಲಿ ವ್ಯಾಪಾರ ನಡೆಯೋದು ತಿಂಗಳ 1, 2 ಮತ್ತೆ ಕೊನೇ ದಿನ ಮಾತ್ರ. ಪರೀಕ್ಷೆಗೆ ಸಾಕು, ಸಂಬಳಕ್ಕೆ ಸಾಲಲ್ಲ.

ಹಂಗಂತ ಸುಮ್ನೆ ಬಿಡಲಿಲ್ಲ. ಅದೇ ಫ್ರೆಂಡ್ ಮನೆ ಕಂಪ್ಯೂಟರ್ ಆನ್ ಇಡಿಸಿ, ರಿಮೋಟ್ ಡೆಸ್ಕ್‌ಟಾಪಲ್ಲಿ ಟ್ಯಾಬಿಂದ ತೆಗೆದೆ. ಬಂತು! ಆದ್ರೆ ಟ್ಯಾಲಿ ಅಂದ್ರೆ ಕೈ ಎಫ್ ಕೀಗಳ ಮೇಲೇ ಓಡಬೇಕು. ಎಫ್5 ಪೇಮೆಂಟು, ಎಫ್6 ರಿಸೀಟು, ಎಫ್8 ಸೇಲ್ಸು. ನನ್ನ 1,500ರ ಕೀಬೋರ್ಡಲ್ಲಿ ಆ ಸಾಲೇ ಇಲ್ಲ. ಪ್ರತಿ ಸಲ ಸ್ಕ್ರೀನಲ್ಲಿ ಮೆನು ಎಳೆದು ಒತ್ತಬೇಕು. ಹತ್ತು ಬಿಲ್ಲಿಗೆ ಮುಕ್ಕಾಲು ಗಂಟೆ ಆಯ್ತು, ಮಧ್ಯ ನೆಟ್ ಎರಡು ಸಲ ಕಟ್. ನಾನೇ ಮಾಲೀಕಳಾಗಿದ್ರೂ ನಂಗೆ ಕೆಲಸ ಕೊಡ್ತಿರಲಿಲ್ಲ.

ಆವತ್ತು ರಾತ್ರಿ ಲೆಕ್ಕ ಹಾಕ್ದೆ. ರಿಪೇರಿಗೆ 9 ಸಾವಿರ ಕೊಟ್ಟಿದ್ರೆ ಎರಡು ತಿಂಗಳ ಸಂಬಳದಲ್ಲಿ ವಾಪಸ್ ಬಂದು ಇನ್ನೂ ಸಾವಿರ ಉಳೀತಿತ್ತು. ನಾನು 18,500 ಕೊಟ್ಟು ಆ ಸಂಬಳಾನೂ ಬಿಟ್ಟೆ. ಆಪರ್ಚುನಿಟಿ ಕಾಸ್ಟ್ ಅಂದ್ರೇನು ಅಂತ ಪರೀಕ್ಷೇಲಿ ಐದು ಮಾರ್ಕಿಗೆ ಬರೆದಿದ್ದೀನಿ, ಐದಕ್ಕೆ ನಾಲ್ಕೂವರೆ ಬಂದಿತ್ತು.

ಸೋ ಜೂನಿಯರ್ಸ್, ಬರೀ ಓದೋಕೆ ಆದ್ರೆ ಟ್ಯಾಬ್ ತಗೊಳಿ, ಕಣ್ಣು ಮುಚ್ಚಿ ತಗೊಳಿ. ಅಕೌಂಟ್ಸ್ ಕೆಲಸ ಮಾಡಿ ನಾಲ್ಕು ಕಾಸು ನೋಡ್ಬೇಕು ಅಂತಿದ್ರೆ ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ, ವಿಂಡೋಸ್ ಇರೋದು ನೋಡಿ. ಅಂಗಡೀಲಿ ಕೀಬೋರ್ಡ್ ತೋರಿಸಿದಾಗ ಎಫ್ ಕೀ ಸಾಲು ಇದೆಯಾ ನೋಡಿ. ನಾನು ಬಣ್ಣ ನೋಡ್ದೆ.

ಅಕ್ಕಂಗೆ ಫೋನ್ ಮಾಡಿ ಎಲ್ಲಾ ಹೇಳ್ದೆ. "ಹೇಳಿರಲಿಲ್ವಾ" ಅಂತಾಳೆ ಅಂದ್ಕೊಂಡಿದ್ದೆ, ಅನ್ನಲಿಲ್ಲ. ಲ್ಯಾಪ್‌ಟಾಪ್ ಎಸೀಬೇಡ, ರಿಪೇರಿಗೆ 4 ಸಾವಿರ ನಾನು ಹಾಕ್ತೀನಿ ಅಂದ್ಲು. ಉಳಿದ 5 ಸಾವಿರಕ್ಕೆ ಟ್ಯಾಬ್ ಮಾರೋಣ ಅಂತ ಅಮ್ಮನ್ನ ಕೇಳ್ದೆ. ಕೊನೇ ಫೋಟೊ ನೋಡಿ. ಟ್ಯಾಬ್ ಈಗ ಬೀರುವಲ್ಲಿ, ಸಂಘದ ಪಾಸ್‌ಬುಕ್ಕುಗಳ ಕೆಳಗೆ. ಬೀಗದ ಕೈ ಅಮ್ಮನ ಹತ್ರ.