ಬಿಯರ್ ಆಟ

ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕ ಜೇ ಫಾರೆಸ್ಟರ್ ಬಳಗ 1960ರ ಸುಮಾರಿಗೆ ರೂಪಿಸಿದ ‘ಬಿಯರ್ ಆಟ’ ಇಂದಿಗೂ ಉದ್ಯೋಗಿಗಳ ತರಬೇತಿಯಲ್ಲಿ ಬಳಕೆಯಲ್ಲಿದೆ. ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ: ಪಾತ್ರಗಳು ನಾಲ್ಕೇ. ಪ್ರತಿ ‘ವಾರ’ ಬಂದ ಬೇಡಿಕೆ ಪೂರೈಸಿ, ಪೂರೈಕೆ ಸರಪಳಿಯಲ್ಲಿ ತಮಗೆ ಸರಕು ಕೊಡುವ ಮೇಲಿನವರಿಗೆ ಆರ್ಡರ್ ಬರೆಯಬೇಕು. ಪರಸ್ಪರ ಮಾತಾಡುವಂತಿಲ್ಲ, ಸರಕು ಕೈಸೇರಲು ವಾರಗಳು ಹಿಡಿಯುತ್ತವೆ. ಉಳಿದ ಸರಕಿಗೂ ಖರ್ಚು, ಪೂರೈಸಲಾಗದೆ ಬಾಕಿಯಾದ ಬೇಡಿಕೆಗೆ ಅದರ ಎರಡು ಪಟ್ಟು.

ಗ್ರಾಹಕರ ಬೇಡಿಕೆ ಒಮ್ಮೆ ಮಾತ್ರ, ವಾರಕ್ಕೆ 4 ಪೆಟ್ಟಿಗೆಯಿಂದ 8ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಆದರೂ ಕಾರ್ಖಾನೆ ಮುಟ್ಟುವಷ್ಟರಲ್ಲಿ ಆರ್ಡರ್ ಹಲವು ಪಟ್ಟು ಉಬ್ಬಿ, ಬಳಿಕ ದಿಢೀರನೆ ಕುಸಿಯುತ್ತದೆ. ಕೊರತೆಗೆ ಹೆದರಿದವರು ದಾರಿಯಲ್ಲಿರುವ ಸರಕನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಮತ್ತೆ ಆರ್ಡರ್ ಮಾಡುವುದೇ ಇದಕ್ಕೆ ಮುಖ್ಯ ಕಾರಣವೆಂದು ಸಂಶೋಧಕ ಜಾನ್ ಸ್ಟರ್ಮನ್ 1989ರಲ್ಲಿ ತೋರಿಸಿದರು.

ಆಟ ನಡೆಸುವುದೂ ಒಂದು ಕುಶಲತೆ. 50 ವಾರವೆಂದು ಹೇಳಿ 36ರ ಸುಮಾರಿಗೆ ನಿಲ್ಲಿಸುವುದು ರೂಢಿ. ಇಲ್ಲವಾದರೆ ಕೊನೆಯ ಸುತ್ತುಗಳಲ್ಲಿ ಆಟಗಾರರು ದಾಸ್ತಾನು ಖಾಲಿ ಮಾಡಲು ಹೊರಡುತ್ತಾರೆ. ನಿಜವಾದ ಪಾಠ ಆಮೇಲಿನ ಚರ್ಚೆಯಲ್ಲಿದೆ. ಅದಕ್ಕೆ ಸಮಯ ಉಳಿಸದ ತರಬೇತಿ ಬರೀ ಮನರಂಜನೆ. ಮೊದಲು, ಗ್ರಾಹಕರ ಬೇಡಿಕೆ ಹೇಗಿತ್ತೆಂದು, ಅದನ್ನು ನೇರವಾಗಿ ಕಂಡ ಚಿಲ್ಲರೆ ಅಂಗಡಿಯವರನ್ನು ಬಿಟ್ಟು ಉಳಿದ ಆಟಗಾರರಿಂದಲೇ ನಕ್ಷೆ ಬರೆಸಬೇಕು. ಹೆಚ್ಚಿನವರು ದೊಡ್ಡ ಅಲೆಗಳನ್ನೇ ಬರೆಯುತ್ತಾರೆ. ನಿಜವಾದ ನಕ್ಷೆಯನ್ನು ತೋರಿಸಬೇಕಾದ್ದು ಅದರ ನಂತರ.