ಬಜಾರಿಲ್ಲದ ಬಜಾರಿನಲ್ಲಿ

ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಬೆಳಗಿನ ಏಳು ಗಂಟೆಗೇ ಹಂಪಿಯ ಬಸ್ಸು ತುಂಬಿಹೋಗಿತ್ತು. ಅರ್ಧದಷ್ಟು ಜನ ಹೂವು ಕಾಯಿ ಹಿಡಿದ ಭಕ್ತರು. ಉಳಿದವರು ನಮ್ಮಂತೆ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೊರಟವರು. ನನ್ನ ಮಗಳು ಒಂಬತ್ತನೇ ತರಗತಿ. ಐವತ್ತು ರೂಪಾಯಿ ನೋಟಿನ ಹಿಂಭಾಗದಲ್ಲಿರುವ ಕಲ್ಲಿನ ರಥವನ್ನು ಕಣ್ಣಾರೆ ನೋಡಬೇಕೆಂಬುದು ಅವಳ ಹಟ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ಇದು ಐದನೆಯದೋ ಆರನೆಯದೋ ಹಂಪಿ ಯಾತ್ರೆ. ದಾರಿಯಲ್ಲಿ ಕಂಡಕ್ಟರು ‘ಕಡ್ಡಿರಾಂಪುರ, ಕಡ್ಡಿರಾಂಪುರ’ ಎಂದು ಕೂಗಿದ. ನಾಲ್ಕೈದು ಜನ ಹತ್ತಿದರು. ಆ ಊರಿನ ಕಡೆ ನಾನು ಕತ್ತೆತ್ತಿಯೂ ನೋಡಲಿಲ್ಲ.

ವಿರೂಪಾಕ್ಷನ ದರ್ಶನ ಮುಗಿಸಿ ದೊಡ್ಡ ಗೋಪುರದಿಂದ ಹೊರಗೆ ಬಂದರೆ ಎದುರಿಗೇ ಅಗಲವಾದ ರಥಬೀದಿ. ಎರಡೂ ಕಡೆ ಕಲ್ಲಿನ ಕಂಬಗಳ ಮಂಟಪ ಸಾಲು. ಆ ತುದಿಯಲ್ಲಿ ಮಾತಂಗ ಪರ್ವತದ ಬುಡದಲ್ಲಿ ಕುಳಿತ ಎದುರು ಬಸವಣ್ಣ. ನಾನು ಮೇಷ್ಟರ ಗತ್ತಿನಲ್ಲಿ ಶುರುಮಾಡಿದೆ: ‘ಇದೇ ನೋಡು ಹಂಪಿಯ ಬಜಾರು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಈ ನಗರ ರೋಮ್‌ನಷ್ಟು ದೊಡ್ಡದು ಎಂದು ಬರೆದಿದ್ದಾನೆ. ಇಲ್ಲಿಯ ಪೇಟೆಗಳನ್ನು ನೋಡಿ ಬೆರಗಾಗಿದ್ದಾನೆ.’

ಮಗಳು ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ‘ಬಜಾರು ಅಂತೀಯಲ್ಲಪ್ಪಾ, ಬಜಾರು ಎಲ್ಲಿದೆ?’ ಎಂದಳು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: 1565ರಲ್ಲಿ ರಕ್ಕಸತಂಗಡಿ ಕದನವಾಯಿತು, ನಗರ ಹಾಳಾಯಿತು. ಪಠ್ಯಪುಸ್ತಕ ಹೇಳುವುದೂ ಅಷ್ಟೇ, ಗೈಡುಗಳು ಹೇಳುವುದೂ ಅಷ್ಟೇ. ಆದರೆ ಅದು ಪೂರ್ತಿ ನಿಜವಲ್ಲ ಎಂಬುದು ನನಗೆ ಗೊತ್ತು. ನಾನೇ ವಿದ್ಯಾರ್ಥಿಯಾಗಿದ್ದಾಗ ಶಾಲೆಯ ಪ್ರವಾಸದಲ್ಲಿ ಬಂದು ಇದೇ ಬೀದಿಯ ಅಂಗಡಿಯೊಂದರಲ್ಲಿ ಮಂಡಕ್ಕಿ ಮಿರ್ಚಿ ತಿಂದಿದ್ದೆ. ಆಗ ಈ ಕಂಬಗಳ ನಡುವೆ ಚಹಾದಂಗಡಿ, ಪುಸ್ತಕದಂಗಡಿ, ಸೈಕಲ್ ಬಾಡಿಗೆಗೆ ಕೊಡುವವರು ಎಲ್ಲರೂ ಇದ್ದರು. ಮಂಟಪಗಳಲ್ಲೇ ಮನೆ, ಮನೆಯ ಮುಂದೆ ರಂಗೋಲಿ. ಹಂಪಿಯ ಬಜಾರು ಎರಡು ಸಲ ಖಾಲಿಯಾಗಿದೆ. ಎರಡನೆಯದು 2011ರ ಜುಲೈ ತಿಂಗಳಲ್ಲಿ. ಅದು ಯಾವ ಪಾಠದಲ್ಲೂ ಇಲ್ಲ.

ಆಗ ಆದದ್ದಿಷ್ಟು. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಸುತ್ತಲಿನ ಪ್ರದೇಶವನ್ನು ನೋಡಿಕೊಳ್ಳಲು 2002ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಮಂಟಪಗಳಲ್ಲಿ ವಾಸವಾಗಿದ್ದವರು ಒತ್ತುವರಿದಾರರು ಎಂದಾಯಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ ಅತಿ ಕಡಿಮೆ ಗಡುವು ಕೊಟ್ಟು, ಜೆಸಿಬಿ ತಂದು ಅಂಗಡಿ ಮನೆಗಳನ್ನು ಕೆಡವಲಾಯಿತು. ನೂರಾರು ಕುಟುಂಬಗಳು ಬೀದಿಗೆ ಬಂದವು. ಅವರಿಗೆ ಬದಲಿ ಜಾಗ ಎಂದು ತೋರಿಸಿದ ಊರು ಕಡ್ಡಿರಾಂಪುರ. ಬೆಳಿಗ್ಗೆ ಬಸ್ಸಿನಲ್ಲಿ ನಾನು ಕತ್ತೆತ್ತಿ ನೋಡದ ಅದೇ ಊರು.

ಬಸವಣ್ಣನ ಹತ್ತಿರ ನೆರಳಿನಲ್ಲಿ ಒಬ್ಬ ಅಜ್ಜಿ ಸೌತೆಕಾಯಿ ಮಾರುತ್ತಿದ್ದರು. ಉಪ್ಪು ಖಾರ ಹಚ್ಚಿ ಮಗಳ ಕೈಗಿಡುತ್ತಾ ‘ಯಾವೂರವ್ವಾ?’ ಎಂದರು. ಮಾತಿಗೆ ಮಾತು ಬೆಳೆಯಿತು. ‘ನಮ್ಮನಿ ಇಲ್ಲೇ ಇತ್ರೀ ಸರ್ರ, ಅಗೋ ಆ ಕಂಬದ ಮಗ್ಗುಲಿಗೆ’ ಎಂದು ಕೈ ಮಾಡಿ ತೋರಿಸಿದರು. ಅಲ್ಲಿ ಕಂಬ ಮಾತ್ರ ಇತ್ತು. ‘ಸಿಟ್ಟು ಬರೂದಿಲ್ಲೇನಮ್ಮಾ?’ ಎಂದೆ. ‘ಸಿಟ್ಟು ಯಾರ ಮ್ಯಾಲ ಮಾಡೂದ್ರಿ? ಕಲ್ಲು ಉಳೀಬೇಕಂತಾರ, ಉಳೀಲಿ. ನಾವೂ ವಿರುಪಣ್ಣನ ಮಕ್ಕಳಾ ಅಲ್ಲೇನ್ರೀ? ಮದ್ಲ ಒಂದು ಮನಿ ಕೊಟ್ಟು ಆಮ್ಯಾಗ ಏಳ್ರೀ ಅಂದಿದ್ರ ಎದ್ದು ಹೋಗ್ತಿದ್ವಿ.’

ಅಜ್ಜಿಯ ಮಾತು ಕೇಳಿ ಸರ್ಕಾರ ಮಾಡಿದ್ದೆಲ್ಲ ತಪ್ಪು ಎಂದು ಬರೆದುಬಿಡುವುದು ಸುಲಭ. ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಆ ದಿನಗಳ ಬಜಾರನ್ನು ನಾನು ನೋಡಿದ್ದೇನೆ. ಐನೂರು ವರ್ಷದ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದರು. ಸಿಮೆಂಟು ಮೆತ್ತಿ, ಮೊಳೆ ಹೊಡೆದು ಷಟರ್ ಕೂರಿಸಿದ್ದರು. ಬಚ್ಚಲ ನೀರು ಎಲ್ಲೆಂದರಲ್ಲಿ ಹರಿಯುತ್ತಿತ್ತು. ಪ್ರವಾಸಿಗರು ಹೆಚ್ಚಿದಂತೆ ಅಂಗಡಿಗಳೂ ಹೆಚ್ಚಿದವು. ಅದನ್ನು ಹಾಗೇ ಬಿಟ್ಟಿದ್ದರೆ ನಮ್ಮ ಮೊಮ್ಮಕ್ಕಳಿಗೆ ತೋರಿಸಲು ಕಂಬವೂ ಉಳಿಯುತ್ತಿರಲಿಲ್ಲ. ಬಡವರ ಹೆಸರಿನಲ್ಲಿ ಬಲ್ಲಿದರೂ ಮಂಟಪ ಹಿಡಿದು ವ್ಯಾಪಾರ ಮಾಡಬಹುದು. ಕಾನೂನು ಬೇಕೇ ಬೇಕು.

ನನ್ನ ತಕರಾರು ಕಾನೂನಿನ ಮೇಲಲ್ಲ, ಅದನ್ನು ಜಾರಿಗೆ ತಂದ ಕ್ರಮದ ಮೇಲೆ. ಮೊದಲು ಮನೆ, ನಂತರ ತೆರವು ಎಂಬುದು ಕಷ್ಟದ ಲೆಕ್ಕವೇನೂ ಅಲ್ಲ. ಮತ್ತೊಂದು ಪ್ರಶ್ನೆಯೂ ಇದೆ. ಜನರನ್ನು ಎಬ್ಬಿಸಿದ ಮಾತ್ರಕ್ಕೆ ಕಲ್ಲು ಉಳಿಯುತ್ತದೆಯೇ? 2024ರ ಮೇ ತಿಂಗಳಲ್ಲಿ ಸುರಿದ ಮಳೆಗೆ ಇದೇ ಬೀದಿಯ ಮಂಟಪ ಸಾಲಿನ ಒಂದು ಭಾಗ ಕುಸಿದುಬಿತ್ತು. ಆಗ ಅಲ್ಲಿ ಅಂಗಡಿಯೂ ಇರಲಿಲ್ಲ, ಸಂಸಾರವೂ ಇರಲಿಲ್ಲ. ಬೀದಿಯನ್ನು ಖಾಲಿ ಮಾಡುವುದು ಒಂದು ದಿನದ ಕೆಲಸ. ಕಾಪಾಡುವುದು ದಿನದಿನದ ಕೆಲಸ. ಮೊದಲನೆಯದಕ್ಕೆ ತೋರಿಸಿದ ಅವಸರವನ್ನು ಎರಡನೆಯದಕ್ಕೂ ತೋರಿಸಬೇಕಿತ್ತು.

ಮಧ್ಯಾಹ್ನ ತಳವಾರಘಟ್ಟದಿಂದ ಹೊಳೆ ದಾಟಿ ಆನೆಗೊಂದಿಗೆ ಹೋದೆವು. ದುಂಡನೆಯ ಬುಟ್ಟಿಯಂಥ, ಚರ್ಮ ಹೊದಿಸಿದ ಹರಿಗೋಲುಗಳಲ್ಲಿ ಜನ ಈ ಹೊಳೆ ದಾಟುತ್ತಿದ್ದುದನ್ನು ಪೇಸ್ ಕೂಡ ಬರೆದಿಟ್ಟಿದ್ದಾನೆ. ಪ್ರವಾಸಿಗೆ ಹರಿಗೋಲು ಒಂದು ಮೋಜು. ಹೊಳೆ ತುಂಬಿದ ದಿನ ಹೆರಿಗೆ ನೋವಿನ ಹೆಣ್ಣುಮಗಳನ್ನು ದಾಟಿಸಬೇಕಾದವರಿಗೆ ಅದು ಮೋಜಲ್ಲ. ಆ ದಡದವರು ಸೇತುವೆ ಕೇಳಿದ್ದು ಅದಕ್ಕೇ. ಕೆಲಸವೂ ಶುರುವಾಯಿತು. ಆದರೆ ಭಾರಿ ವಾಹನಗಳು ಸ್ಮಾರಕಗಳ ನಡುವೆ ಓಡಾಡುತ್ತವೆ ಎಂಬ ಆಕ್ಷೇಪ ಎದ್ದು, 1999ರಲ್ಲಿ ಯುನೆಸ್ಕೋ ಹಂಪಿಯನ್ನು ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಗೆ ಸೇರಿಸಿತು. ಕೆಲಸ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಸೇತುವೆಯ ಕೆಲಸ ಮತ್ತೆ ಕೈಗೆತ್ತಿಕೊಂಡಾಗ, 2009ರ ಜನವರಿಯಲ್ಲಿ ಅದು ಕುಸಿದು ಕೂಲಿ ಕಾರ್ಮಿಕರ ಪ್ರಾಣ ಹೋಯಿತು. ಪರಂಪರೆ ಹೆಚ್ಚೋ ಸೇತುವೆ ಹೆಚ್ಚೋ ಎಂದು ದೂರದ ಊರುಗಳಲ್ಲಿ ವಾದ ಮಾಡಿದವರು ಯಾರೂ ಆ ನೀರಿಗೆ ಬೀಳಲಿಲ್ಲ.

ಈಗ ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ ಬೇರೆ ಸೇತುವೆಯಾಗಿದೆ. ಸ್ಮಾರಕಗಳ ನಡುವಿನ ದಾರಿ ಬಿಟ್ಟು ಸ್ವಲ್ಪ ಸುತ್ತಿ ಹೋಗಬೇಕು, ಅಷ್ಟೇ. ಜನರ ಅಗತ್ಯವೂ ತೀರಿತು, ಕಲ್ಲಿನ ಗೌರವವೂ ಉಳಿಯಿತು. ಎರಡೂ ಸಾಧ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಬಜಾರಿನ ವಿಷಯದಲ್ಲೂ ಇಂಥದೊಂದು ಸುತ್ತುದಾರಿಯನ್ನು ತಾಳ್ಮೆಯಿಂದ ಹುಡುಕಬಹುದಿತ್ತು.

ಹಾಗೆಂದು ಎಲ್ಲ ಭಾರವನ್ನೂ ಸರ್ಕಾರದ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. 2019ರಲ್ಲಿ ನಾಲ್ವರು ಯುವಕರು ಹಂಪಿಯ ಕಂಬವೊಂದನ್ನು ನೂಕಿ ಬೀಳಿಸಿದ ದೃಶ್ಯವನ್ನು ದೇಶವೆಲ್ಲ ನೋಡಿತು. ನ್ಯಾಯಾಲಯ ಅವರಿಂದಲೇ ಕಂಬ ಎತ್ತಿ ನಿಲ್ಲಿಸಿತು. ತಲಾ 70 ಸಾವಿರ ರೂಪಾಯಿ ದಂಡವನ್ನೂ ಹಾಕಿತು. ಅವರು ಮಂಟಪದಲ್ಲಿ ಸಂಸಾರ ಹೂಡಿದವರಲ್ಲ, ನಮ್ಮಂತೆ ನೋಡಲು ಬಂದವರು. ಗೋಡೆಯ ಮೇಲೆ ಹೆಸರು ಕೆತ್ತುವವರು, ಸಂಗೀತದ ಕಂಬ ಬಡಿಯಲು ಕೈ ಚಾಚುವವರು, ಫೋಟೋಕ್ಕಾಗಿ ವಿಗ್ರಹ ಏರುವವರು ಎಲ್ಲರೂ ಓದಿದವರೇ. ಎರಡು ತಲೆಮಾರು ಅಲ್ಲೇ ಬಾಳಿದವರನ್ನು ‘ಹಾಳು ಮಾಡುವವರು’ ಎನ್ನುವ ಮೊದಲು, ಎರಡು ಗಂಟೆ ನಿಂತು ಹೋಗುವ ನಾವು ಏನು ಮಾಡುತ್ತೇವೆ ಎಂದು ನೋಡಿಕೊಳ್ಳಬೇಕು.

ಪಾಲಕರಲ್ಲಿ ಮತ್ತು ನನ್ನ ಸಹೋದ್ಯೋಗಿ ಮೇಷ್ಟರುಗಳಲ್ಲಿ ಒಂದು ವಿನಂತಿ. ಮಕ್ಕಳನ್ನು ಹಂಪಿಗೆ ಕರೆದೊಯ್ಯುವಾಗ ರಾಜರ ಕಥೆಯ ಜೊತೆಗೆ ಈ ಕಥೆಯನ್ನೂ ಹೇಳಿ. ಹಂಪಿಯ ಇತಿಹಾಸ 1565ಕ್ಕೆ ನಿಂತುಹೋಗಿಲ್ಲ. ವಿಜಯನಗರದ ಕಾಲದ ತುರ್ತು ಕಾಲುವೆ ಇಂದಿಗೂ ಬಾಳೆ, ಭತ್ತದ ಗದ್ದೆಗಳಿಗೆ ನೀರುಣಿಸುತ್ತಿದೆ. ಪ್ರತಿ ವರ್ಷ ಚೈತ್ರದಲ್ಲಿ ಇದೇ ಬೀದಿಯಲ್ಲಿ ತೇರು ಎಳೆಯುತ್ತಾರೆ. ಇಲ್ಲಿ ಬದುಕು ಎಂದೂ ಪೂರ್ತಿ ಹಾಳುಬಿದ್ದಿರಲಿಲ್ಲ. ಬಜಾರಿನ ಒಂದು ಮೂಲೆಯಲ್ಲಿ ‘ಇಲ್ಲಿ 2011ರವರೆಗೆ ಜನ ವಾಸವಾಗಿದ್ದರು’ ಎಂದು ನಾಲ್ಕು ಸಾಲಿನ ಫಲಕ ಹಾಕಿದರೆ ಯಾವ ಪರಂಪರೆಗೂ ಕುಂದು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಇರಬಹುದು. ಅಂಥವರ ಜೊತೆ ಮಕ್ಕಳೂ ವಾದ ಮಾಡಲಿ. ಅದೂ ಒಂದು ಪಾಠವೇ.

ಸಂಜೆಯ ಬಸ್ಸಿನಲ್ಲಿ ಮಗಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ‘ಕಡ್ಡಿರಾಂಪುರ’ ಎಂದು ಕಂಡಕ್ಟರು ಕೂಗಿದಾಗ ಖಾಲಿ ಬುಟ್ಟಿ ಹಿಡಿದ ಇಬ್ಬರು ಹೆಂಗಸರು ಇಳಿದರು. ‘ಅಪ್ಪಾ, ಇದೇ ಊರಲ್ವಾ?’ ಎಂದಳು. ಹೌದೆಂದೆ. ಬಸ್ಸು ಹೊರಟ ಮೇಲೂ ಅವಳು ಹಿಂದಿರುಗಿ ನೋಡುತ್ತಲೇ ಇದ್ದಳು. ಈ ಸಲ ನಾನೂ ನೋಡಿದೆ.