ಹಳೆಯ ಗಣಕಯಂತ್ರದ ಉಪಕಾರ

ಹಲಸೂರಿನ ನಮ್ಮ ಮನೆ ಚಿಕ್ಕದು. ಅಲ್ಲಿರುವ ಗಣಕಯಂತ್ರವೂ ಮನೆಗೆ ತಕ್ಕುದೇ, ಎಸ್.ಪಿ. ರಸ್ತೆಯಲ್ಲಿ ಹಳೆಯದನ್ನು ಕೊಂಡುತಂದುದು. ಹಿರಿಯ ಮಗನಿಗೆ ಪುಣೆಯಲ್ಲಿ ಕೆಲಸವಾಯಿತು. ಅವನು ಹೊರಡುವ ಮುನ್ನ, ತಾವಿಬ್ಬರೂ ಜೊತೆಗೂಡಿ ಆಡುತ್ತಿದ್ದ 'ಸೂಪರ್‌ಟಕ್ಸ್‌ಕಾರ್ಟ್' ಎಂಬ ಬಂಡಿಯೋಟದ ಆಟವನ್ನು ವೀಡಿಯೊ ಮಾಡಿಡಬೇಕೆಂದು ಕಿರಿಯವನು ಹಟ ಹಿಡಿದನು.

ಇದಕ್ಕೆಂದೇ ಓಬಿಎಸ್ ಎಂಬ ತಂತ್ರಾಂಶವುಂಟು. 2012ರಲ್ಲಿ ಮೊದಲು ಹೊರಬಂದ ಇದಕ್ಕೆ ಬೆಲೆಯಿಲ್ಲ. ಹಾಕಿ ನೋಡಿದರೆ ಆಟವು ಕುಂಟತೊಡಗಿತು. ಆಟವನ್ನು ನಡೆಸುವ ಕೆಲಸವೂ ಚಿತ್ರಗಳನ್ನು ಕಿರಿದಾಗಿ ಮಡಿಸಿಡುವ ಕೆಲಸವೂ ಒಂದೇ ಪ್ರೊಸೆಸರಿನ ಮೇಲೆ ಬಿದ್ದಿದ್ದವು. ಅಡಿಗೆಯನ್ನೂ ಮಾಡು, ಪಾತ್ರೆಯನ್ನೂ ಬೆಳಗು ಎಂದು ಒಬ್ಬಳಿಗೇ ಹೇಳಿದಂತೆ! ಅಷ್ಟರಲ್ಲಿ ಕರೆಂಟೂ ಹೋಯಿತು. ಎಂಪಿ4 ರೂಪದ ಆ ಕಡತವು ಪೂರ್ಣಗೊಳ್ಳದೆ ನಿಂತುದರಿಂದ ಮತ್ತೆ ತೆರೆಯಲೇ ಇಲ್ಲ. ಕಿರಿಯವನ ಕಣ್ಣು ತುಂಬಿತು.

ಹೊರಡುವುದಕ್ಕೆ ಒಂದೇ ದಿನವಿತ್ತು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯವನು ಚಿತ್ರದ ಅಳತೆಯನ್ನು 1280×720ಕ್ಕೆ ಇಳಿಸಿದನು. ಸೆಕೆಂಡಿಗೆ 60 ಚಿತ್ರಗಳ ಬದಲು 30 ಸಾಕೆಂದನು. ಮಡಿಸುವ ಕೆಲಸವನ್ನು ಇಂಟೆಲ್ ಚಿಪ್ಪಿನೊಳಗಿನ 'ಕ್ವಿಕ್ ಸಿಂಕ್' ಎಂಬ ಬೇರೆ ಭಾಗಕ್ಕೆ ವಹಿಸಿದನು. ಕಡತವನ್ನು ಎಂಕೆವಿ ರೂಪದಲ್ಲಿ ಬರೆಯಿಸಿದನು. ಇದರಲ್ಲಿ ನಡುವೆ ಕರೆಂಟು ಹೋದರೂ ಅದುವರೆಗಿನದು ಬಹುಮಟ್ಟಿಗೆ ಉಳಿಯುತ್ತದೆ. ಆಟವು ಸರಾಗವಾಗಿ ಸಾಗಿತು.

ಈಗ ಅಣ್ಣನಿಲ್ಲದ ಸಂಜೆಗಳಲ್ಲಿ ತಮ್ಮನು ಅದನ್ನು ಹಾಕಿಕೊಂಡು ಕೂರುತ್ತಾನೆ. ಚಿತ್ರವು ಅಷ್ಟೇನೂ ನಯವಾಗಿಲ್ಲ. ಆದರೆ ಮೈಕು ಇಬ್ಬರ ಜಗಳವನ್ನೂ ನಗುವನ್ನೂ, "ಊಟಕ್ಕೆ ಏಳ್ರಪ್ಪಾ" ಎಂಬ ನನ್ನ ಕೂಗನ್ನೂ ಹಿಡಿದಿಟ್ಟಿದೆ. ಅದನ್ನು ಕೇಳಿದಾಗಲೆಲ್ಲ ಎರಡು ತಟ್ಟೆಗಳನ್ನಿಡಲು ಕೈ ತಾನಾಗಿ ಮುಂದಾಗುತ್ತದೆ.